ಪಿಕಪ್‌ನ ಬೆನ್ನಿಗೊಂದು ಆಸರೆ

ನಮ್ಮ ಮನೆಯ ಪಿಕಪ್ ಅಂಗಳದಲ್ಲಿ ಖಾಲಿ ನಿಂತಿದ್ದಾಗಲೂ ಕುಕ್ಕರಗಾಲಲ್ಲಿ ಕೂತ ಹಾಗೆ ಕಾಣುತ್ತಿತ್ತು. ಲೋಡ್ ಹಾಕಿದರಂತೂ ಮೂತಿ ಆಕಾಶಕ್ಕೆ, ಬೆನ್ನು ನೆಲಕ್ಕೆ. ‘ನಿಮ್ಮಪ್ಪನ ಗಾಡಿ ಇವತ್ತೋ ನಾಳೆಯೋ ಟೇಕಾಫ್ ಆಗುತ್ತೆ ಕಣೇ’ ಎಂದು ಪಾಲಿಟೆಕ್ನಿಕ್ ಗೆಳತಿಯರು ಕಿಚಾಯಿಸುತ್ತಿದ್ದರು. ನಾನೂ ನಗುತ್ತಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಓದುವ ನನಗೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ಗೊತ್ತಾಗಿದ್ದು ಶಿರಾಡಿ ಘಾಟಿಯ ಒಂದು ರಾತ್ರಿ.

ನಮ್ಮದು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಸುತ್ತಲಿನ ರೈತರಿಂದ ಎಲೆಕೋಸು, ಬೀನ್ಸ್, ಹಸಿಮೆಣಸು, ಸೀಸನ್ ಬಂದರೆ ಶುಂಠಿ ತುಂಬಿಕೊಂಡು ಸಕಲೇಶಪುರದ ಮೇಲೆ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ವಾರಕ್ಕೆ ಮೂರು ಟ್ರಿಪ್ಪು. ಸಂಜೆ ತುಂಬಿದರೆ ಬೆಳಗಿನ ಜಾವದ ವ್ಯಾಪಾರಕ್ಕೆ ಸರಕು ಅಲ್ಲಿರಬೇಕು. ಗಾಡಿಯ ಸಾಲದ ಕಂತು, ನನ್ನ ಫೀಸು, ತಮ್ಮನ ಪಿಯುಸಿ ಎಲ್ಲವೂ ಆ ನಾಲ್ಕು ಚಕ್ರದ ಮೇಲೆಯೇ ಉರುಳುತ್ತವೆ.

ಕಳೆದ ವರ್ಷ ಅಕ್ಟೋಬರ್‌ನಲ್ಲಿ ನನಗೆ ಮಂಗಳೂರಿನಲ್ಲಿ ಅಪ್ರೆಂಟಿಸ್ ಸಂದರ್ಶನವಿತ್ತು. ‘ಬಸ್ಸಿಗ್ಯಾಕೆ ದುಡ್ಡು? ನನ್ ಜೊತೇಲೇ ಬಾ ಪುಟ್ಟಿ’ ಎಂದರು ಅಪ್ಪ. ಅವತ್ತು ಗಾಡಿಯಲ್ಲಿ 31 ಮೂಟೆ ಶುಂಠಿ. ನಮ್ಮ ಕಡೆ ಶುಂಠಿ ಮೂಟೆ ಅಂದರೆ 60 ಕೆ.ಜಿ. ಎಷ್ಟಾಯಿತು ಎಂದು ನಾನಾಗಲೀ ಅಪ್ಪನಾಗಲೀ ಕೂಡಿಸಿ ನೋಡಲಿಲ್ಲ.

ದೋಣಿಗಾಲ್ ದಾಟುವಷ್ಟರಲ್ಲಿ ಸೋನೆ ಮಳೆ, ಮಂಜು. ಎದುರಿಗೆ ಬಂದವರೆಲ್ಲ ನಮಗೆ ಲೈಟು ಮಿಣುಕಿಸಿ ಬೈದುಕೊಂಡೇ ಹೋಗುತ್ತಿದ್ದರು. ಒಬ್ಬ ಬಸ್ಸಿನ ಚಾಲಕರಂತೂ ಪಕ್ಕದಲ್ಲೇ ನಿಲ್ಲಿಸಿ, ‘ರೀ, ಡಿಮ್ ಮಾಡ್ರೀ, ಕಣ್ಣು ಕಾಣ್ಸಲ್ಲ!’ ಎಂದು ಕೂಗಿದರು. ಅಪ್ಪ ಹತಾಶೆಯಿಂದ ಕೈ ಎತ್ತಿದರು. ಲೈಟು ಡಿಮ್‌ನಲ್ಲೇ ಇತ್ತು. ಹಿಂಭಾಗ ಕುಸಿದು ಮೂತಿ ಮೇಲೆದ್ದಿದ್ದರಿಂದ ನಮ್ಮ ಡಿಮ್ ಲೈಟೇ ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತಿತ್ತು. ನಮಗೆ ಬೇಕಾದ ರಸ್ತೆ ಮಾತ್ರ ಕತ್ತಲಲ್ಲಿತ್ತು.

ಇನ್ನೊಂದು ತಿರುವಿನಲ್ಲಿ ಅಪ್ಪ ಸ್ಟೀರಿಂಗ್ ತಿರುಗಿಸಿದರು. ಗಾಡಿ ತಿರುಗಲಿಲ್ಲ. ಒಂದು ಕ್ಷಣ, ಅಷ್ಟೇ, ನೆಟ್ಟಗೆ ಹೋಯಿತು. ಎಡಗಡೆ ತಡೆಗೋಡೆಯ ಬಿಳಿ ಬಣ್ಣ ನನ್ನ ಕಿಟಕಿಯ ಹತ್ತಿರಕ್ಕೆ ಬಂತು. ಆಮೇಲೆ ಚಕ್ರಕ್ಕೆ ರಸ್ತೆ ಸಿಕ್ಕಿ ಗಾಡಿ ಒಳಕ್ಕೆ ಎಳೆದುಕೊಂಡಿತು. ಗುಂಡ್ಯ ಬರುವ ತನಕ ಇಬ್ಬರೂ ಮಾತಾಡಲಿಲ್ಲ. ‘ಲೋಡ್ ಇದ್ರೆ ಸ್ಟೀರಿಂಗ್ ಬೆಣ್ಣೆ ಥರ ತಿರುಗುತ್ತೆ ನೋಡು’ ಎಂದು ಅಪ್ಪ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದರು. ಮುಂದಿನ ಚಕ್ರ ನೆಲವನ್ನು ಸರಿಯಾಗಿ ಹಿಡಿದಿಲ್ಲ ಎಂದು ಆ ಬೆಣ್ಣೆ ಹೇಳುತ್ತಿತ್ತು. ನಮಗೆ ಕೇಳಿಸಿರಲಿಲ್ಲ.

‘ಎರಡು ಪ್ಲೇಟು ಜಾಸ್ತಿ ಹಾಕ್ಬುಡಿ’

ವಾಪಸು ಬಂದ ಮೇಲೆ ಅಪ್ಪ ಹಾಸನದ ಕಮಾನು ಶೆಡ್ಡಿಗೆ ಗಾಡಿ ಒಯ್ದರು. ನಾನೂ ಹೋದೆ. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಎಂದೇ ಕರೆಯುವುದು. ಲಾರಿ ಕಮಾನುಗಳ ನಡುವೆಯೇ ತಲೆ ನೆರೆಸಿಕೊಂಡವರು.

ಕಮಾನು ಗೊತ್ತಲ್ಲ? ಪಿಕಪ್‌ನ ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿದರೆ ಒಂದರ ಕೆಳಗೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಕಾಣುತ್ತವೆ. ಮೇಲಿನದು ಉದ್ದ, ಕೆಳಕ್ಕೆ ಹೋದಂತೆ ಗಿಡ್ಡ. ಎಲ್ಲವನ್ನೂ ನಡುವೆ ಒಂದು ಸೆಂಟರ್ ಬೋಲ್ಟು, ಎರಡು ಯು ಬೋಲ್ಟು ಹಿಡಿದಿರುತ್ತವೆ. ಭಾರ ಬಿದ್ದಾಗ ಬಿಲ್ಲು ನೇರವಾಗುತ್ತದೆ, ಇಳಿಸಿದರೆ ಮತ್ತೆ ಬಾಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಉಕ್ಕು ದಣಿದು ಬಾಗು ಕಳೆದುಕೊಳ್ಳುತ್ತದೆ. ನಮ್ಮ ಗಾಡಿಯ ಕುಕ್ಕರಗಾಲಿನ ಗುಟ್ಟು ಅದೇ.

‘ಚಾಚಾ, ಎರಡು ಪ್ಲೇಟು ಜಾಸ್ತಿ ಹಾಕ್ಬುಡಿ. ಎರಡು ಟನ್ ಹಾಕಿದ್ರೂ ಅಲ್ಲಾಡ್ಬಾರ್ದು’ ಎಂದರು ಅಪ್ಪ.

‘ಈಗ ಎಷ್ಟು ಹಾಕ್ತೀರಾ ಗೌಡ್ರೇ?’

‘ಒಂದೂವರೆ ಟನ್ ಇರ್ಬೋದು.’

ಚಾಚಾ ನಕ್ಕರು. ‘ಇರ್ಬೋದು ಅಂದ್ರೆ ಆಗಲ್ಲ. ಮೊದ್ಲು ವೇ ಬ್ರಿಡ್ಜ್‌ನಲ್ಲಿ ತೂಗಿಸ್ಕೊಂಡು ಬನ್ನಿ. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ.’

ಮುಂದಿನ ಟ್ರಿಪ್ಪಿಗೆ ಎಂದಿನಂತೆ 31 ಮೂಟೆ ಹಾಕಿ ತೂಗಿಸಿದೆವು. ಮೊದಲು ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ಒಂದು ತೂಕ, ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು, ಮುಂದಿನವನ್ನು ಆಚೆ ಇಳಿಸಿ ಹಿಂದಿನವಕ್ಕೆ ಮತ್ತೊಂದು. ಖಾಲಿ ಗಾಡಿಯನ್ನೂ ಹಿಂದಿನ ದಿನವೇ ಹೀಗೆ ತೂಗಿಸಿದ್ದೆ.

ಖಾಲಿ ಇದ್ದಾಗ ಒಟ್ಟು 1,690 ಕೆ.ಜಿ.: ಮುಂದೆ 1,000, ಹಿಂದೆ 690. ಲೋಡ್ ಹಾಕಿ ಅಪ್ಪ ಕೂತಾಗ ಒಟ್ಟು 3,640: ಹಿಂದೆ 2,700, ಮುಂದೆ 940. ಆರ್‌ಸಿ ತೆಗೆದು ನೋಡಿದೆ. ಗಾಡಿ, ಸರಕು, ಜನ ಎಲ್ಲ ಸೇರಿ ಇರಬಹುದಾದ ಒಟ್ಟು ತೂಕ 2,990 ಕೆ.ಜಿ. ನಾವು 650 ಕೆ.ಜಿ. ಮೇಲಿದ್ದೆವು.

ನನ್ನ ಕಣ್ಣು ನಿಂತಿದ್ದು ಆ 940ರ ಮೇಲೆ. ಸುಮಾರು ಎರಡು ಟನ್ ಹೇರಿದ ಮೇಲೆ ಮುಂದಿನ ಚಕ್ರದ ಮೇಲಿನ ಭಾರ ಖಾಲಿ ಗಾಡಿಗಿಂತ 60 ಕೆ.ಜಿ. ಕಡಿಮೆಯಾಗಿತ್ತು! ಮಕ್ಕಳಾಟದ ಏತದ ಲೆಕ್ಕವೇ ಇದು. ಹಿಂದಿನ ಆ್ಯಕ್ಸಲ್ಲೇ ನಡುಗಂಬ. ಸರಕಿನ ಭಾರದ ನಡುಬಿಂದು ಅದಕ್ಕಿಂತ ಮುಂದಿದ್ದರೆ ಮುಂದಿನ ಚಕ್ರಕ್ಕೂ ಪಾಲು ಸಿಗುತ್ತದೆ. ಹಿಂದಿದ್ದರೆ ಮುಂದಿನದು ಮೇಲೇಳುತ್ತದೆ. ಮುಂದಿನ ಮತ್ತು ಹಿಂದಿನ ಆ್ಯಕ್ಸಲ್ ನಡುವೆ 3 ಮೀಟರ್ ಇರುವ ಗಾಡಿಯಲ್ಲಿ 1,500 ಕೆ.ಜಿ. ಸರಕಿನ ನಡುಬಿಂದು ಹಿಂದಿನ ಆ್ಯಕ್ಸಲ್‌ಗಿಂತ ಬರೀ 30 ಸೆಂ.ಮೀ. ಹಿಂದೆ ಇದ್ದರೂ ಮುಂದಿನ ಚಕ್ರಗಳಿಂದ 150 ಕೆ.ಜಿ. ಕಳೆದುಹೋಗುತ್ತದೆ. ನಾವು ಹಿಂಬಾಗಿಲು ಮಲಗಿಸಿ ಅದರ ಮೇಲೂ ಮೂಟೆ ಪೇರಿಸುತ್ತಿದ್ದೆವು.

ಟೈರಿನ ಪಕ್ಕದಲ್ಲಿ 107 ಎಂಬ ಸಂಖ್ಯೆಯಿತ್ತು. ಅದು ಭಾರದ ಸೂಚ್ಯಂಕ. 107 ಅಂದರೆ ಒಂದು ಟೈರಿಗೆ ಹೆಚ್ಚೆಂದರೆ 975 ಕೆ.ಜಿ. ಎರಡಕ್ಕೆ 1,950. ನಾವು ಹೊರಿಸಿದ್ದು 2,700. ಕಮಾನಿಗೆ ಎರಡಲ್ಲ, ಹತ್ತು ಪ್ಲೇಟು ಸೇರಿಸಿದರೂ ಆ 975 ಹೆಚ್ಚಾಗುವುದಿಲ್ಲ. ಬ್ರೇಕು, ಆ್ಯಕ್ಸಲ್, ಬೇರಿಂಗ್ ಯಾವುದೂ ಬಲವಾಗುವುದಿಲ್ಲ. ಗಾಡಿ ನೆಟ್ಟಗೆ ನಿಂತು, ‘ನಾನು ಚೆನ್ನಾಗಿದ್ದೇನೆ’ ಎಂದು ಸುಳ್ಳು ಹೇಳಲು ಕಲಿಯುತ್ತದೆ, ಅಷ್ಟೇ.

ಒಡೆದ ಪ್ಲೇಟು, ನಾಲ್ಕು ದಾರಿ

ಚಾಚಾ ಕಮಾನು ಬಿಚ್ಚಿದರು. ಅದಕ್ಕೂ ಮೊದಲೇ ನಾನು ಸಮತಟ್ಟಾದ ಕಡೆ ಖಾಲಿ ಗಾಡಿ ನಿಲ್ಲಿಸಿ ಚಕ್ರದ ನಡುವಿನಿಂದ ಬಾಡಿಯ ಅಂಚಿನ ತನಕ ಟೇಪು ಹಿಡಿದು ಅಳೆದಿದ್ದೆ. ಎಡಗಡೆ ಬಲಗಡೆಗಿಂತ ಎರಡೂವರೆ ಸೆಂ.ಮೀ. ತಗ್ಗು. ಕಾರಣ ಕೈಗೇ ಸಿಕ್ಕಿತು. ಎಡಗಡೆ ಮೂರನೇ ಪ್ಲೇಟು ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಬಿರುಕು ಬಿಟ್ಟು ಎರಡಾಗಿತ್ತು. ನೋಡದೆ ಮೇಲೆ ಎರಡು ಪ್ಲೇಟು ಸೇರಿಸಿದ್ದರೆ ಮುರಿದ ಮೂಳೆಗೆ ಪಟ್ಟು ಹಾಕದೆ ಅಂಗಿ ತೊಡಿಸಿದ ಹಾಗೆ ಆಗುತ್ತಿತ್ತು. ಮಾತಿಗೆ ಸಿಗದ ಅಪ್ಪ ಆ ತುಂಡನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

ಆಮೇಲೆ ಆಯ್ಕೆಯ ಪ್ರಶ್ನೆ. ಹಿಂದಿನ ಕಮಾನಿಗೆ ನೆರವು ಕೊಡುವ ದಾರಿಗಳನ್ನು ಚಾಚಾ ಮತ್ತು ನನ್ನ ಕಾಲೇಜಿನ ಮೇಷ್ಟ್ರು ಸೇರಿ ಬಿಡಿಸಿ ಹೇಳಿದರು.

ಮೊದಲನೆಯದು ಹಳೆ ಪ್ಲೇಟುಗಳನ್ನೇ ಕಾಯಿಸಿ, ಬಡಿದು, ಬಾಗು ಎತ್ತಿಸುವುದು. ಎಲ್ಲಕ್ಕಿಂತ ಅಗ್ಗ. ಆದರೆ ಕುಲುಮೆಯಲ್ಲಿ ಅಂದಾಜಿಗೆ ಕಾಯಿಸಿದಾಗ ಕಾರ್ಖಾನೆಯಲ್ಲಿ ಉಕ್ಕಿಗೆ ಕೊಟ್ಟಿದ್ದ ಹದ ಹೋಗುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಅದೇ ಕುಕ್ಕರಗಾಲು.

ಎರಡನೆಯದು ಪ್ಲೇಟು ಸೇರಿಸುವುದು. ಗಟ್ಟಿ, ಯಾವ ಊರಲ್ಲೂ ಆಗುತ್ತದೆ. ಯಾವಾಗಲೂ ಒಂದೇ ಭಾರ ಹೊತ್ತಿರುವ ಗಾಡಿಗೆ, ಉದಾಹರಣೆಗೆ ಬಾಡಿಯ ಮೇಲೆ ಕ್ಯಾಂಟೀನ್ ಕಟ್ಟಿಸಿಕೊಂಡವರಿಗೆ, ಒಪ್ಪುತ್ತದೆ. ಆದರೆ ಗಾಡಿ ಖಾಲಿ ಇದ್ದಾಗ ಕಲ್ಲಿನಂತೆ ಬಿಗಿ. ಹಳ್ಳ ಸಿಕ್ಕಿದರೆ ಹಿಂದಿನ ಚಕ್ರ ಪುಟಿಯುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಪುಟಿಯುವ ಚಕ್ರಕ್ಕೆ ಹಿಡಿತ ಇರುವುದಿಲ್ಲ. ಪ್ಲೇಟು ಹೆಚ್ಚಾದರೆ ಉದ್ದದ ಯು ಬೋಲ್ಟುಗಳೂ ಹೊಸದೇ ಬೇಕು. ಹಳೆಯದನ್ನೇ ಬಿಗಿದು ಕಳಿಸುವವರೂ ಇದ್ದಾರೆ.

ಮೂರನೆಯದು ಗಾಳಿ ಚೀಲ. ಆ್ಯಕ್ಸಲ್ ಮತ್ತು ಚಾಸಿ ನಡುವೆ ಕೂರುವ ರಬ್ಬರ್ ಚೀಲಕ್ಕೆ, ಲೋಡ್ ಇದ್ದಾಗ ಗಾಳಿ ಜಾಸ್ತಿ, ಇಲ್ಲದಾಗ ಕಡಿಮೆ. ಕೇಳಿದ ಕೂಡಲೇ ನನ್ನ ಮನಸ್ಸು ಹೋಗಿದ್ದು ಇದಕ್ಕೇ. ಭಾರ ದಿನಕ್ಕೊಂದು ಥರ ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಷರತ್ತುಗಳಿವೆ. ಎಡ-ಬಲ ಚೀಲಗಳಿಗೆ ಬೇರೆ ಬೇರೆ ಪೈಪು ಇರಬೇಕು. ಒಂದೇ ಪೈಪಿನಲ್ಲಿ ಜೋಡಿಸಿದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಿ, ಗಾಡಿ ಇನ್ನಷ್ಟು ವಾಲುತ್ತದೆ. ಖಾಲಿ ಇದ್ದಾಗಲೂ ಚೀಲದಲ್ಲಿ ತಯಾರಕರು ಹೇಳಿದಷ್ಟು ಕನಿಷ್ಠ ಗಾಳಿ ಇರಲೇಬೇಕು. ಸೈಲೆನ್ಸರ್ ಪೈಪಿನ ಬಿಸಿಯಿಂದ, ಸಿಡಿಯುವ ಜಲ್ಲಿಯಿಂದ ದೂರವಿರಬೇಕು. ಬೆಲೆಯೂ ಹೆಚ್ಚು. ರಾತ್ರಿ ಎರಡು ಗಂಟೆಗೆ ಘಾಟಿಯಲ್ಲಿ ಗಾಳಿ ಸೋರಿದರೆ ಸರಿ ಮಾಡುವವರು ಯಾರು?

ನಾಲ್ಕನೆಯದು ಟೊಳ್ಳು ರಬ್ಬರ್ ಸ್ಪ್ರಿಂಗ್. ಕಮಾನು ಪೂರ್ತಿ ಕುಸಿದಾಗ ಆ್ಯಕ್ಸಲ್ ಚಾಸಿಗೆ ಬಡಿಯದಿರಲೆಂದು ಕಂಪನಿಯವರೇ ಒಂದು ಕರಿ ರಬ್ಬರ್ ಗಟ್ಟಿ ಇಟ್ಟಿರುತ್ತಾರೆ. ಅದರ ಜಾಗದಲ್ಲಿ ಎತ್ತರದ, ಮೆತ್ತಗೆ ಅಮುಕಿಕೊಳ್ಳುವ ರಬ್ಬರ್ ಕೂರಿಸುವುದು. ಖಾಲಿ ಇದ್ದಾಗ ಆ್ಯಕ್ಸಲ್‌ಗೂ ಅದಕ್ಕೂ ಸ್ವಲ್ಪ ಅಂತರ ಇರುವುದರಿಂದ ಗಾಡಿಯ ಓಟ ಬದಲಾಗುವುದಿಲ್ಲ. ಭಾರ ಬಿದ್ದಂತೆ ಅದು ಹೆಗಲು ಕೊಡುತ್ತದೆ. ಗಾಳಿ ಬೇಡ, ಎಣ್ಣೆ ಬೇಡ. ಆದರೆ ನಮಗೆ ಬೇಕಾದಷ್ಟು ಹೆಚ್ಚು-ಕಡಿಮೆ ಮಾಡಿಕೊಳ್ಳಲು ಆಗುವುದಿಲ್ಲ.

ಇವುಗಳ ಜೊತೆ ಸುರುಳಿ ಸ್ಪ್ರಿಂಗಿನ ನಡುವೆ ತುರುಕುವ ರಬ್ಬರ್ ಬಳೆಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಅವು ಕಾರಿನವರಿಗೆ. ಕಮಾನು ಇರುವ ಪಿಕಪ್‌ಗೆ ಅವುಗಳಿಂದ ಏನೂ ಆಗದು.

ಬ್ರೇಕಿನ ಕಡ್ಡಿ

ಗಾಡಿ ಕೆಳಗೆ ತೆವಳಿದ್ದಾಗ ಹಿಂದಿನ ಆ್ಯಕ್ಸಲ್‌ನಿಂದ ಚಾಸಿಗೆ ಹೋದ ಒಂದು ತೆಳ್ಳನೆ ಕಡ್ಡಿ ಕಂಡೆ. ಏನಿದು ಎಂದು ಕೈ ಹಾಕಿದ್ದೇ ತಡ, ‘ಮುಟ್ಬೇಡ ಬೇಟಿ, ಅದು ಬ್ರೇಕಿಂದು’ ಎಂದರು ಚಾಚಾ. ಮೇಷ್ಟ್ರು ಆಮೇಲೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು.

ಖಾಲಿ ಪಿಕಪ್‌ನ ಹಿಂಭಾಗ ಹಗುರ. ಅದಕ್ಕೆ ಪೂರ್ತಿ ಬ್ರೇಕ್ ಕೊಟ್ಟರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಸುತ್ತುತ್ತದೆ. ಹಾಗಾಗದಂತೆ ಹಲವು ಪಿಕಪ್‌ಗಳಲ್ಲಿ ಒಂದು ವಾಲ್ವ್ ಇರುತ್ತದೆ. ಆ್ಯಕ್ಸಲ್‌ಗೂ ಬಾಡಿಗೂ ನಡುವಿನ ಎತ್ತರವನ್ನು ಈ ಕಡ್ಡಿಯ ಮೂಲಕ ಅಳೆದು, ಗಾಡಿ ತಗ್ಗಿದ್ದರೆ ‘ಲೋಡ್ ಇದೆ’ ಎಂದು ಹಿಂದಕ್ಕೆ ಹೆಚ್ಚು ಬ್ರೇಕ್, ಎತ್ತರ ಇದ್ದರೆ ‘ಖಾಲಿ ಇದೆ’ ಎಂದು ಕಡಿಮೆ ಬ್ರೇಕ್ ಬಿಡುತ್ತದೆ. ಈಗ ಯೋಚಿಸಿ. ನಾವು ಪ್ಲೇಟು ಸೇರಿಸಿಯೋ ಗಾಳಿ ತುಂಬಿಸಿಯೋ ಎರಡು ಟನ್ ಇದ್ದರೂ ಹಿಂಭಾಗ ಎತ್ತರಕ್ಕೆ ನಿಲ್ಲುವಂತೆ ಮಾಡಿದೆವು ಅನ್ನಿ. ವಾಲ್ವ್ ಪಾಪ, ಗಾಡಿ ಖಾಲಿ ಎಂದೇ ತಿಳಿಯುತ್ತದೆ. ಭಾರವೆಲ್ಲ ಹಿಂದಿದ್ದೂ ಹಿಂದಿನ ಬ್ರೇಕ್ ಅರೆಬರೆ. ಅದೂ ಘಾಟಿ ಇಳಿಯುವಾಗ.

ಈ ಸಂಗತಿಯನ್ನು ಪಿಕಪ್ ಓಡಿಸುವ ನಮ್ಮೂರಿನ ಆರೇಳು ಜನರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಇಬ್ಬರು ಪ್ಲೇಟು ಸೇರಿಸಿಕೊಂಡವರೇ.

ಕೊನೆಗೆ ಆಗಿದ್ದು

ನಮ್ಮ ಗಾಡಿ ಹೋಗುವಾಗ ತುಂಬಿ, ಬರುವಾಗ ಖಾಲಿ. ಅರ್ಧ ದಾರಿ ಖಾಲಿ ಓಡುವುದಕ್ಕೆ ಹೆಚ್ಚುವರಿ ಪ್ಲೇಟು ಬೇಡವೆಂದಾಯಿತು. ಗಾಳಿ ಚೀಲ ಕೈಗೆಟುಕಲಿಲ್ಲ. ಕಂಪನಿಯ ಅಳತೆಯದ್ದೇ ಹೊಸ ಕಮಾನು ಸೆಟ್ಟು, ಎರಡೂ ಕಡೆ ಒಟ್ಟಿಗೆ, ಹೊಸ ಯು ಬೋಲ್ಟು ಮತ್ತು ಬುಷ್. ಅದರ ಜೊತೆಗೆ ಚಾಸಿಗೆ ತೂತು ಕೊರೆಯದೆ, ವೆಲ್ಡಿಂಗ್ ಮಾಡದೆ ಇರುವ ಜಾಗದಲ್ಲೇ ಬೋಲ್ಟಿನಿಂದ ಕೂರುವ ರಬ್ಬರ್ ಸ್ಪ್ರಿಂಗ್. ಹಾಕಿಸುವ ಮುಂಚೆ ಸರ್ವಿಸ್ ಸೆಂಟರಿನಲ್ಲಿ ಕೇಳಿದೆವು. ಹಾಕಿಸಿದ ಮೇಲೆ ಅಲ್ಲೇ ಬ್ರೇಕಿನ ಕಡ್ಡಿಯನ್ನು ಪುಸ್ತಕದ ಅಳತೆಗೆ ಹೊಂದಿಸಿಕೊಟ್ಟರು, ಹೆಡ್‌ಲೈಟ್ ತಗ್ಗಿಸಿದರು. ಕೆಲವು ಟ್ರಿಪ್ಪು ಓಡಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಿದ್ದೂ ಆಯಿತು. ಹೊಸದಾಗಿ ಹಾಕಿದವು ಕೂತುಕೊಂಡಂತೆ ಸಡಿಲವಾಗುತ್ತವೆ, ಮರೆಯಬಾರದು.

ಕಷ್ಟವಾದದ್ದು ಮೂಟೆಯ ಲೆಕ್ಕ. ಆರ್‌ಸಿ ಪ್ರಕಾರ ಅಪ್ಪನ ತೂಕವೂ ಸೇರಿ 1,300 ಕೆ.ಜಿ. ಅಂದರೆ 20 ಮೂಟೆ. ಮೂಟೆಗೆ ಬಾಡಿಗೆ 70 ರೂಪಾಯಿ. 11 ಮೂಟೆ ಬಿಟ್ಟರೆ ಟ್ರಿಪ್ಪಿಗೆ 770, ವಾರಕ್ಕೆ 2,310 ಖೋತಾ. ‘ಕಾಲೇಜಲ್ಲಿ ಕಲ್ತಿದ್ದು ಸರಿ ಕಣವ್ವ, ತಿಂಗಳ ಕಂತು ನಿಮ್ ಮೇಷ್ಟ್ರು ಕಟ್ತಾರಾ?’ ಎಂದರು ಅಪ್ಪ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ದಂಡದ ವಿಷಯ ತೆಗೆದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000; ಸರಕು ಇಳಿಸುವ ಖರ್ಚೂ ನಮ್ಮದೇ. ‘ಇಷ್ಟ್ ವರ್ಷ ಹಿಡಿದಿದ್ದಾರಾ?’ ಎಂದರು. ಅದೂ ನಿಜವೇ.

ನಾನು ವಾದ ಬಿಟ್ಟೆ. ತೂಕದ ಚೀಟಿಯನ್ನು ಕ್ಯಾಬಿನ್ನಿನಲ್ಲಿ, ಮಂಜುನಾಥಸ್ವಾಮಿ ಫೋಟೊದ ಪಕ್ಕ ಸಿಕ್ಕಿಸಿದೆ. ‘ಮುಂದೆ 940’ ಎಂಬಲ್ಲಿ ಕೆಂಪು ಗೆರೆ ಎಳೆದಿದ್ದೆ. ‘ಆ ತಿರುವಲ್ಲಿ ಗಾಡಿ ನೆಟ್ಟಗೆ ಹೋಯ್ತಲ್ಲಪ್ಪ, ಅದು ಇದು’ ಎಂದಷ್ಟೇ ಹೇಳಿದೆ.

ಎರಡು ದಿನ ಬಿಟ್ಟು ಅಪ್ಪ ತಾವಾಗಿ ರೈತರ ಹತ್ತಿರ ಮಾತಾಡಿದರು. ಕೆಲವರು ಮೂಟೆಗೆ 85 ಕೊಡಲು ಒಪ್ಪಿದರು. ಒಬ್ಬರು ಒಪ್ಪದೆ ಬೇರೆ ಗಾಡಿಗೆ ಹೋದರು; ಆ ಗಾಡಿಗೆ 35 ಮೂಟೆ ಹೇರುತ್ತಾರಂತೆ. ಬರುವಾಗ ಖಾಲಿ ಬರುತ್ತಿದ್ದ ಅಪ್ಪ ಈಗ ಸಂತೆ ವ್ಯಾಪಾರಿಗಳಿಗೆ ಒಣಮೀನು ತರುತ್ತಾರೆ. ಭಾರ ಕಡಿಮೆ, ಬಾಡಿಗೆ ಪರವಾಗಿಲ್ಲ, ವಾಸನೆ ಮಾತ್ರ ಅಂಗಳದ ತುಂಬ. ಅಮ್ಮನ ಗೊಣಗಾಟ ಇನ್ನೂ ನಿಂತಿಲ್ಲ. ಹಿಂದಿನಷ್ಟು ಉಳಿತಾಯವೂ ಇಲ್ಲ.

ಅಪ್ಪ ಪೂರ್ತಿ ಬದಲಾದರು ಎಂದು ಹೇಳಲಾರೆ. ಹಬ್ಬದ ಹೊತ್ತಿನಲ್ಲಿ ಇಪ್ಪತ್ತು ಇಪ್ಪತ್ಮೂರಾಗಿದ್ದನ್ನು ನಾನೇ ಎಣಿಸಿದ್ದೇನೆ. ಆದರೆ ಹಿಂಬಾಗಿಲು ಮುಚ್ಚಿರುತ್ತದೆ. ಮೂಟೆಗಳು ಕ್ಯಾಬಿನ್ನಿಗೆ ಒತ್ತಿ ಕೂತಿರುತ್ತವೆ. ಹೊರಡುವ ಮುಂಚೆ ಅಪ್ಪ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಆ್ಯಕ್ಸಲ್ ಮತ್ತು ರಬ್ಬರಿನ ನಡುವೆ ಟಾರ್ಚು ಬಿಟ್ಟು ನೋಡುತ್ತಾರೆ.

ಸಂದರ್ಶನದಲ್ಲಿ ನನಗೆ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಮಂಗಳೂರಿನಿಂದ ಅಪ್ಪನ ಗಾಡಿಯಲ್ಲೇ ಊರಿಗೆ ಬರುತ್ತೇನೆ, ಒಣಮೀನಿನ ಜೊತೆ. ಮೊನ್ನೆ ರಜೆ ಮುಗಿಸಿ ಸರಕಿನ ಜೊತೆ ಘಾಟಿ ಇಳಿಯುವಾಗ ಮತ್ತೆ ಮಂಜು. ಎದುರಿನಿಂದ ಒಂದು ಲಾರಿ ಬಂತು. ನಾನು ಕಣ್ಣು ಕಿರಿದು ಮಾಡಿ, ಈಗ ಲೈಟು ಮಿಣುಕಿಸುತ್ತಾರೆ ಎಂದು ಕಾದೆ. ಲಾರಿ ಸುಮ್ಮನೆ ಪಕ್ಕದಲ್ಲಿ ಹಾದುಹೋಯಿತು.

‘ಸ್ಟೀರಿಂಗ್ ಈಗ ಸ್ವಲ್ಪ ಭಾರ ಕಣೇ’ ಎಂದರು ಅಪ್ಪ, ತಿರುವಿನಲ್ಲಿ ಎರಡೂ ಕೈಯಲ್ಲಿ ತಿರುಗಿಸುತ್ತಾ. ದೂರುವ ಧ್ವನಿಯೇನೂ ಇರಲಿಲ್ಲ.